ಸಂಜೆ ಐದಕ್ಕೆ ಹೇಳುತ್ತೇವೆ

ನಮ್ಮ ಆಕಾಶ ವೀಕ್ಷಣೆ ತಂಡ ದೊಡ್ಡದೇನಲ್ಲ. ಹದಿನಾಲ್ಕು ಜನ, ಮೂರು ಟೆಲಿಸ್ಕೋಪ್, ಒಂದಷ್ಟು ಹುಚ್ಚು. ವರ್ಷಕ್ಕೆ ಎರಡು ಮೂರು ಸಲ ದೀಪಗಳಿಂದ ದೂರ ಇರುವ ಒಂದು ಬಯಲಿಗೆ ಆಸಕ್ತರನ್ನು ಕರೆದು ರಾತ್ರಿಯಿಡೀ ಆಕಾಶ ತೋರಿಸುತ್ತೇವೆ. ಟೆಲಿಸ್ಕೋಪ್ ಹಿಡಿಯುವ ಕೆಲಸ ನನ್ನದಲ್ಲ. ಬರುವವರಿಗೆ ವಿಷಯ ಮುಟ್ಟಿಸುವುದು ನನ್ನ ಪಾಲಿಗೆ ಬಂದ ಕೆಲಸ. ಇದು ಸುಲಭದ್ದು ಅಂತ ನನಗೆ ಕೊಟ್ಟಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

2023ರ ಆಗಸ್ಟ್ 12, ಶನಿವಾರ ರಾತ್ರಿ. ಪರ್ಸಿಯಿಡ್ ಉಲ್ಕಾವೃಷ್ಟಿ ನೋಡಲು 90 ಜನ ಹೆಸರು ಕೊಟ್ಟಿದ್ದರು. ಅವರನ್ನು ಸಂಪರ್ಕಿಸುವುದು ಹೇಗೆ ಅಂತ ನಾವು ಐದು ನಿಮಿಷವೂ ಯೋಚಿಸಲಿಲ್ಲ. ಒಂದು ವಾಟ್ಸಾಪ್ ಗ್ರೂಪ್ ಮಾಡಿ ಎಲ್ಲರನ್ನೂ ಅದರೊಳಗೆ ಹಾಕಿದೆವು. ಎಲ್ಲರೂ ಮಾಡುವುದು ಅದನ್ನೇ ಅಲ್ವಾ?

ಮೂರೇ ದಿನದಲ್ಲಿ ಆ ಗ್ರೂಪ್ ಸಂತೆಯಾಯಿತು. ಬೆಳಿಗ್ಗೆ ಶುಭೋದಯದ ಹೂವು, ಮಧ್ಯಾಹ್ನ ಗ್ರಹಗತಿಯ ಫಾರ್ವರ್ಡ್, ರಾತ್ರಿ "ಲೊಕೇಶನ್ ಕಳಿಸಿ ಪ್ಲೀಸ್". ಲೊಕೇಶನ್ ಅದಾಗಲೇ ನಾಲ್ಕು ಸಲ ಕಳುಹಿಸಿ ಆಗಿತ್ತು. ಕಾರ್ಯಕ್ರಮದ ದಿನ ಮಧ್ಯಾಹ್ನ ಬಯಲಿನ ಮುಂದಿನ ಗೇಟ್ ಮುಚ್ಚಿದೆ, ಹಿಂದಿನ ಗೇಟ್‌ನಿಂದ ಬನ್ನಿ ಅಂತ ಬರೆದೆ. ಅರ್ಧ ಗಂಟೆಯಲ್ಲಿ ಅದರ ಮೇಲೆ ಅರವತ್ತು ಮೆಸೇಜ್ ಬಂದು ಕೂತವು. ಹನ್ನೊಂದು ಜನ ಮುಂದಿನ ಗೇಟ್ ಬಳಿ ಕತ್ತಲಲ್ಲಿ ಕಾದು ನಿಂತರು.

ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಒಂದು ಫೋನ್ ಕರೆ. ಎರಡು ದಿನ ಬಿಟ್ಟು ಒಬ್ಬರು ಕರೆ ಮಾಡಿದರು. "ಮೇಡಂ, ಗ್ರೂಪ್‌ನಲ್ಲಿ ನನ್ನ ನಂಬರ್ ನೋಡಿ ಯಾರೋ ಪರಿಚಯ ಇಲ್ಲದವರು ಮೆಸೇಜ್ ಮಾಡ್ತಿದ್ದಾರೆ. ನಾನು ನಂಬರ್ ಕೊಟ್ಟಿದ್ದು ನಿಮಗೆ, ಅವರಿಗಲ್ಲ." ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮೆ ಕೇಳಿದೆ. ಅವರು ಮತ್ತೆ ನಮ್ಮ ಕಾರ್ಯಕ್ರಮಕ್ಕೆ ಬಂದಿಲ್ಲ.

ಮುಂದಿನದು ಡಿಸೆಂಬರ್. ಜೆಮಿನಿಡ್ ಉಲ್ಕಾವೃಷ್ಟಿ ಪ್ರತಿ ವರ್ಷ ಡಿಸೆಂಬರ್ 13-14ರ ಹೊತ್ತಿಗೆ ಜೋರಾಗಿರುತ್ತದೆ. ಆ ವರ್ಷ ಅಮಾವಾಸ್ಯೆ ಅದರ ಪಕ್ಕದಲ್ಲೇ ಬಿದ್ದಿತ್ತು. ಅಂದರೆ ಚಂದ್ರನ ಬೆಳಕಿನ ಕಾಟ ಇಲ್ಲ. ಇಂಥ ವರ್ಷ ಬಿಡಲು ಆಗುತ್ತದೆಯೇ? ವಾರ ಮಾತ್ರ ಬುಧವಾರ. ಉಲ್ಕೆಗಳು ಭಾನುವಾರ ನೋಡಿಕೊಂಡು ಬೀಳುವುದಿಲ್ಲವಲ್ಲ. ಆದರೂ 238 ಜನ ಹೆಸರು ಕೊಟ್ಟರು.

ಈ ಸಲ ಸರಿಯಾಗಿ ಮಾಡೋಣ ಅಂತ ಅಕ್ಟೋಬರ್‌ನಲ್ಲೇ ಸಭೆ ಸೇರಿದೆವು. ಸಭೆ ಅನ್ನುವುದಕ್ಕಿಂತ ಹರಾಜು ಅನ್ನಬಹುದು. ತಂಡದ ಅತಿ ಕಿರಿಯ ಹುಡುಗ ಡಿಸ್ಕಾರ್ಡ್ ಅನ್ನುವ ಮಾತುಕತೆಯ ಆ್ಯಪ್ ಅಂದ. "ಅಕ್ಕಾ, ಬೇರೆ ಬೇರೆ ವಿಷಯಕ್ಕೆ ಬೇರೆ ಬೇರೆ ಚಾನೆಲ್ ಮಾಡಬಹುದು, ತುಂಬಾ ನೀಟ್ ಆಗಿರುತ್ತೆ." ಸಾಫ್ಟ್‌ವೇರ್ ಕೆಲಸದವರೊಬ್ಬರು ಟೆಲಿಗ್ರಾಂ ಅಂದರು. ಖಜಾಂಚಿ ಯಾವುದೋ ಇವೆಂಟ್ ಆ್ಯಪ್‌ನ ಡೆಮೊ ನೋಡಿಕೊಂಡು ಬಂದಿದ್ದರು. ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ ನಮ್ಮಲ್ಲಿ. ಅವರು ಸುಮ್ನೆ ಎಲ್ಲರ ಮಾತು ಕೇಳಿ ಕೊನೆಗೆ ಒಂದು ಪ್ರಶ್ನೆ ಕೇಳಿದರು. "ಎಲ್ಲಾ ಸರಿ. ಅವರಿಗೆ ನಾವು ಹೇಳಬೇಕಾದ್ದು ಏನು?"

ಯಾರಿಗೂ ಗೊತ್ತಿರಲಿಲ್ಲ. ನಿಜಕ್ಕೂ.

ಮನೆಗೆ ಬಂದು ಆಗಸ್ಟ್ ಗ್ರೂಪ್‌ನ ಇಡೀ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ ಇಳಿಸಿಕೊಂಡೆ. ಒಂದು ಉದ್ದದ ಟೆಕ್ಸ್ಟ್ ಫೈಲ್ ಸಿಗುತ್ತದೆ. ಅದನ್ನು ಎರಡು ಸಂಜೆ ಕೂತು ಓದಿದೆ. ಒಟ್ಟು 612 ಮೆಸೇಜ್. ತಂಡದ ಕಡೆಯಿಂದ ಹೋದದ್ದು 31. ಅದರಲ್ಲೂ ನಿಜವಾಗಿ ಬೇಕಾಗಿದ್ದು ಒಂಬತ್ತು. ಜನ ಕೇಳಿದ ಪ್ರಶ್ನೆಗಳನ್ನು ಬೇರೆ ಬರೆದುಕೊಂಡೆ. ಎಲ್ಲಿ, ಎಷ್ಟು ಹೊತ್ತಿಗೆ, ಏನು ತರಬೇಕು, ಮಕ್ಕಳನ್ನು ಕರೆತರಬಹುದಾ, ಮೋಡ ಬಂದರೆ ಏನು. ಐದೇ ಪ್ರಶ್ನೆ. ಅವನ್ನೇ ನೂರು ಸಲ ಕೇಳಿದ್ದರು. ಜನ ಓದುವುದಿಲ್ಲ ಅಂತ ನಾವು ಆಗ ಬೈದುಕೊಂಡಿದ್ದೆವು. ಫೈಲ್ ಓದಿದ ಮೇಲೆ ಗೊತ್ತಾಯಿತು, ಓದಬೇಕು ಅಂದರೂ ಅವರಿಗೆ ಹುಡುಕಲು ಜಾಗ ಇರಲಿಲ್ಲ. ತಡವಾಗಿ ಸೇರಿದವರಿಗಂತೂ ಸೇರುವ ಮೊದಲು ಹೋದ ಮೆಸೇಜ್ ಒಂದೂ ಕಾಣುತ್ತಿರಲಿಲ್ಲ.

ಒಂದು ಹಾಳೆ ತೆಗೆದುಕೊಂಡು ಆ್ಯಪ್‌ಗಳ ಹೆಸರು ಬರೆಯುವ ಬದಲು ಮೆಸೇಜ್‌ಗಳನ್ನು ಬರೆದೆ. ಪ್ರತಿಯೊಂದರ ಮುಂದೆ ಒಂದೇ ಲೆಕ್ಕ: ಇದು ಎಷ್ಟು ಹೊತ್ತಿನೊಳಗೆ ಅವರ ಕಣ್ಣಿಗೆ ಬೀಳಬೇಕು? ಹೆಸರು ನೋಂದಾಯಿಸಿದ್ದಕ್ಕೆ ಖಾತರಿ ಒಂದು ದಿನ ತಡವಾದರೂ ನಡೆಯುತ್ತದೆ, ಆದರೆ ತಿಂಗಳಾದ ಮೇಲೆ ಹುಡುಕಿದರೂ ಸಿಗಬೇಕು. ಏನು ತರಬೇಕು ಅನ್ನುವುದಕ್ಕೆ ಒಂದು ವಾರ ಇದೆ. ಕಾರ್ಯಕ್ರಮ ಇದೆಯೋ ರದ್ದೋ ಅನ್ನುವುದು ಮಾತ್ರ ಎರಡು ಗಂಟೆಯೊಳಗೆ ಎಲ್ಲರಿಗೂ, ಒಬ್ಬರನ್ನೂ ಬಿಡದೆ ಮುಟ್ಟಬೇಕು. ಈ ಹಾಳೆ ಕೈಗೆ ಬಂದ ಮೇಲೆ ಹರಾಜು ತಾನಾಗಿ ನಿಂತಿತು. ಎಲ್ಲಕ್ಕೂ ಒಂದೇ ಆ್ಯಪ್ ಸಾಕು ಅನ್ನುವ ಮಾತಿಗೆ ಅರ್ಥವೇ ಇಲ್ಲ ಅಂತ ಎಲ್ಲರಿಗೂ ಕಂಡಿತು.

ಜೊತೆಗೆ ನೋಂದಣಿ ಫಾರ್ಮ್‌ನಲ್ಲಿ ಒಂದು ಪ್ರಶ್ನೆ ಸೇರಿಸಿದೆವು. "ನೀವು ದಿನವೂ ತಪ್ಪದೆ ನೋಡುವುದು ಯಾವುದು?" ವಾಟ್ಸಾಪ್ ಅಂದವರು 201. ಎಸ್‌ಎಂಎಸ್ ಅಥವಾ ಕರೆ ಮಾತ್ರ ಅಂದವರು 19. ಇಮೇಲ್ 12. ಟೆಲಿಗ್ರಾಂ 6. ಡಿಸ್ಕಾರ್ಡ್ ಅಂತ ಒಬ್ಬರೂ ಬರೆಯಲಿಲ್ಲ. ಹುಡುಗ ಮುಖ ಸಣ್ಣದು ಮಾಡಿಕೊಂಡ. ನನಗೆ ಆ 19 ಜನರದ್ದೇ ಚಿಂತೆ. ಕೀಪ್ಯಾಡ್ ಫೋನ್ ಇಟ್ಟುಕೊಂಡವರು ಅವರು.

ಇಮೇಲ್‌ನಿಂದ ಶುರು ಮಾಡಿದೆ. ಜೀಮೇಲ್‌ನ ಉಚಿತ ಖಾತೆಯಿಂದ ದಿನಕ್ಕೆ 500 ಜನರವರೆಗೆ ಕಳುಹಿಸಬಹುದು. 238ಕ್ಕೆ ಅದು ಸಾಕು. ಎಲ್ಲರ ವಿಳಾಸವನ್ನೂ ಒಟ್ಟಿಗೆ ಅಂಟಿಸಿ, ಕಳುಹಿಸುವ ಬಟನ್ ಮೇಲೆ ಬೆರಳು ಇಟ್ಟಾಗ ನೋಡಿದೆ, ವಿಳಾಸಗಳೆಲ್ಲ 'ಟು' ಸಾಲಿನಲ್ಲಿದ್ದವು. ಒತ್ತಿದ್ದರೆ 238 ಜನರ ವಿಳಾಸ 238 ಜನರಿಗೂ ಕಾಣುತ್ತಿತ್ತು. ಆಗಸ್ಟ್‌ನ ಫೋನ್ ಕರೆ ನೆನಪಾಗಿ ಕೈ ತಣ್ಣಗಾಯಿತು. ಎಲ್ಲವನ್ನೂ 'ಬಿಸಿಸಿ' ಸಾಲಿಗೆ ಸರಿಸಿದೆ. ಅಲ್ಲಿದ್ದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ.

ಎಷ್ಟು ಜನ ತೆರೆದು ನೋಡಿದರು ಅಂತ ತಿಳಿಯುವ ಸಾಧನಗಳಿವೆ. ಮೇಲ್‌ನೊಳಗೆ ಕಣ್ಣಿಗೆ ಕಾಣದ ಒಂದು ಪುಟ್ಟ ಚಿತ್ರ ಇಟ್ಟಿರುತ್ತಾರೆ. ಅದು ಲೋಡ್ ಆದರೆ 'ತೆರೆದರು' ಅಂತ ಲೆಕ್ಕ. ಆದರೆ 2021ರಿಂದ ಆ್ಯಪಲ್‌ನ ಮೇಲ್ ಆ್ಯಪ್‌ನಲ್ಲಿ ಒಂದು ಗೌಪ್ಯತೆ ವ್ಯವಸ್ಥೆ ಬಂದಿದೆ. ಅದನ್ನು ಆನ್ ಮಾಡಿದವರ ಮೇಲ್‌ನಲ್ಲಿರುವ ಚಿತ್ರಗಳನ್ನು ಅದು ತಾನೇ ಮೊದಲೇ ಇಳಿಸಿಕೊಳ್ಳುತ್ತದೆ. ಅವರು ಓದಲಿ ಬಿಡಲಿ, ಲೆಕ್ಕದಲ್ಲಿ ಮಾತ್ರ ತೆರೆದಂತೆ. ಅಂಥ ಲೆಕ್ಕ ನಂಬಿ ಏನು ಮಾಡುವುದು? ಜನರನ್ನೇ ಕೇಳಿದೆ. "ಈ ಮೇಲ್ ಸಿಕ್ಕಿದ್ದರೆ 'ಸಿಕ್ಕಿತು' ಅಂತ ಒಂದು ಪದ ಬರೆದು ಕಳುಹಿಸಿ." ಮೂರು ದಿನದಲ್ಲಿ 97 ಉತ್ತರ ಬಂದವು. ಒಂಬತ್ತು ಮೇಲ್ ವಾಪಸ್ ಬಂದವು. ವಿಳಾಸದಲ್ಲಿ ಅಕ್ಷರ ಹಿಂದುಮುಂದಾಗಿತ್ತು. ಉಳಿದವರಿಗೆ ಸ್ಪ್ಯಾಮ್‌ಗೆ ಹೋಗಿತ್ತೋ, ನೋಡಲೇ ಇಲ್ಲವೋ, ನೋಡಿ ಸುಮ್ಮನಾದರೋ.

ನಾಲ್ಕೈದು ಜನರಿಗೆ ಕರೆ ಮಾಡಿ ಕೇಳಿದಾಗ ಮೂವರಲ್ಲಿ ಅದು ಸ್ಪ್ಯಾಮ್‌ನಲ್ಲೇ ಸಿಕ್ಕಿತು. ನನ್ನ ಮೇಲ್ ನೋಡಿದರೆ ಸ್ಪ್ಯಾಮ್ ಅಲ್ಲ ಅನ್ನಲು ನನಗೇ ಮನಸ್ಸು ಬರಲಿಲ್ಲ. ಶೀರ್ಷಿಕೆಯಲ್ಲಿ ಮೂರು ಆಶ್ಚರ್ಯ ಚಿಹ್ನೆ, ಒಳಗೆ ಒಂದು ದೊಡ್ಡ ಪೋಸ್ಟರ್, ಅದರ ಕೆಳಗೆ ಚಿಕ್ಕದು ಮಾಡಿದ ಲಿಂಕ್. ಆ 'ಸಿಕ್ಕಿತು' ಸಾಲು ಬಿಟ್ಟರೆ ಬರವಣಿಗೆಯೇ ಇಲ್ಲ. ಪೋಸ್ಟರ್‌ನಲ್ಲಿ ಇನ್ನೊಂದು ತೊಂದರೆ ಇದೆ. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳುತ್ತದಲ್ಲ, ಆ ಸ್ಕ್ರೀನ್ ರೀಡರ್‌ಗಳಿಗೆ ಚಿತ್ರದೊಳಗಿನ ಅಕ್ಷರ ಸರಿಯಾಗಿ ದಕ್ಕುವುದಿಲ್ಲ. ಆಕಾಶ ನೋಡುವ ಕಾರ್ಯಕ್ರಮಕ್ಕೆ ಅವರೇಕೆ ಬರುತ್ತಾರೆ ಅಂತ ಒಬ್ಬರು ಕೇಳಿದರು. ಹೆಸರು ಕೊಟ್ಟವರಲ್ಲಿ ಇಬ್ಬರು ಹಾಗೇ ಇದ್ದರು, ಮಕ್ಕಳ ಜೊತೆ ಬರುವವರು. ಎರಡನೆಯ ಮೇಲ್ ಬರೀ ಅಕ್ಷರದಲ್ಲಿ ಬರೆದೆ. ನಿಧಾನವಾಗಿ ಓದಿದರೂ ನಡೆಯುವ, ಇಟ್ಟುಕೊಳ್ಳಬೇಕಾದ ವಿಷಯಗಳಿಗೆ ಮಾತ್ರ ಇಮೇಲ್ ಅಂತ ಗೆರೆ ಎಳೆದೆ.

ಇನ್ನು ವಾಟ್ಸಾಪ್. ಈ ಸಲ ಗ್ರೂಪ್ ಬೇಡ, ಬ್ರಾಡ್‌ಕಾಸ್ಟ್ ಪಟ್ಟಿ ಮಾಡೋಣ ಅಂದುಕೊಂಡೆ. ಒಮ್ಮೆ ಕಳುಹಿಸಿದರೆ ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಂದು ಪಟ್ಟಿಯಲ್ಲಿ 256 ಜನ ಹಿಡಿಯುತ್ತಾರೆ. ನಾವು 238. ಯಾರ ನಂಬರ್ ಯಾರಿಗೂ ಕಾಣುವುದಿಲ್ಲ. ಇದೇ ಉತ್ತರ ಅಂತ ಖುಷಿಯಾಯಿತು. ಪಟ್ಟಿಗೆ ಹಾಕಲು ಎಲ್ಲರ ನಂಬರ್ ನನ್ನ ಫೋನ್‌ನಲ್ಲಿ ಇರಬೇಕಲ್ಲ, ಅದಕ್ಕೆ ಒಂದು ಭಾನುವಾರ ಪೂರ್ತಿ ಕೂತು 'ಉಲ್ಕೆ 1', 'ಉಲ್ಕೆ 2' ಅಂತ 238 ನಂಬರ್ ಸೇವ್ ಮಾಡಿದೆ. ತಂಡದವರಿಗೂ ಮೆಸೇಜ್ ಹೋಗುತ್ತದೋ ನೋಡೋಣ ಅಂತ ಅವರನ್ನೂ ಮಧ್ಯೆ ಸೇರಿಸಿದ್ದೆ. ಒಂದು ಪರೀಕ್ಷೆ ಮೆಸೇಜ್ ಕಳುಹಿಸಿದೆ.

ಮಾರನೆಯ ದಿನ ನೋಡಿದರೆ ತಲುಪಿದ್ದು 64 ಜನರಿಗೆ. ಬ್ರಾಡ್‌ಕಾಸ್ಟ್ ಮೆಸೇಜ್ ಹೋಗಬೇಕಾದರೆ ನಾನು ಅವರ ನಂಬರ್ ಇಟ್ಟುಕೊಂಡರೆ ಸಾಲದು, ಅವರೂ ನನ್ನ ನಂಬರ್ ಸೇವ್ ಮಾಡಿಕೊಂಡಿರಬೇಕು. ಇಲ್ಲದಿದ್ದರೆ ಹೋಗುವುದಿಲ್ಲ. ಕಂಡಕಂಡವರು ಜಾಹೀರಾತು ಸುರಿಯದಿರಲಿ ಅಂತ ಮಾಡಿರುವ ನಿಯಮ. ತಪ್ಪಲ್ಲ. ಆದರೆ ನನ್ನ ಭಾನುವಾರ ಹೋಯಿತು. ನನ್ನ ನಂಬರ್ ಸೇವ್ ಮಾಡಿಕೊಳ್ಳಿ ಅಂತ ಅವರಿಗೆ ಹೇಳಬೇಕಾದರೆ ಮೊದಲು ಅವರಿಗೆ ಇನ್ನೊಂದು ದಾರಿಯಲ್ಲಿ ಮೆಸೇಜ್ ಮುಟ್ಟಿಸಬೇಕು. ಬಾವಿಯಿಂದ ನೀರು ಸೇದಲು ಹಗ್ಗ ಬೇಕು, ಹಗ್ಗ ಬಾವಿಯೊಳಗಿದೆ ಅಂದ ಹಾಗೆ.

ಮುಂದೆ ವಾಟ್ಸಾಪ್ ಚಾನೆಲ್ ನೋಡಿದೆ. ಆಗಷ್ಟೇ ಹೊಸದಾಗಿ ಬಂದಿತ್ತು. ನಂಬರ್ ಕಾಣುವುದಿಲ್ಲ, ಎಷ್ಟು ಜನ ಬೇಕಾದರೂ ಸೇರಬಹುದು. ಆದರೆ ಅದು ಮಾತುಕತೆಯ ಪಟ್ಟಿಯಲ್ಲಿ ಬರದೆ ಬೇರೆ ಟ್ಯಾಬ್‌ನಲ್ಲಿ ಕೂರುತ್ತದೆ, ಸದ್ದು ಮಾಡುವುದೂ ಇಲ್ಲ. ಬೇಕಾದವರು ತಾವೇ ಹೋಗಿ ಸದ್ದು ಆನ್ ಮಾಡಿಕೊಳ್ಳಬೇಕು. ಸುದ್ದಿ ಓದುವವರಿಗೆ ಸರಿ. "ಇವತ್ತು ರದ್ದು" ಅನ್ನಲು ಅಲ್ಲ.

ಕೊನೆಗೆ ನಿಂತಿದ್ದು ವಾಟ್ಸಾಪ್ ಕಮ್ಯೂನಿಟಿಯ (ಹಲವು ಗ್ರೂಪ್ ಒಟ್ಟಿಗೆ ಇಡುವ ಏರ್ಪಾಡು) ಪ್ರಕಟಣೆ ಗ್ರೂಪ್. ಅದರಲ್ಲಿ ಅಡ್ಮಿನ್‌ಗಳು ಮಾತ್ರ ಪ್ರಕಟಣೆ ಹಾಕಬಹುದು. ಸದಸ್ಯರ ನಂಬರ್ ಅಡ್ಮಿನ್‌ಗೆ ಕಾಣುತ್ತದೆ, ಇತರರಿಗೆ ಇಲ್ಲ. ಮಾಮೂಲಿ ಮೆಸೇಜ್‌ನ ಹಾಗೆ ಸದ್ದು ಮಾಡುತ್ತದೆ. ಈ ಸಲ ಯಾರನ್ನೂ ನಾವೇ ಎಳೆದು ಹಾಕಲಿಲ್ಲ. ಲಿಂಕ್ ಕಳುಹಿಸಿ, ಇಷ್ಟ ಇದ್ದವರು ಸೇರಲಿ ಅಂದೆವು. ಡಿಸೆಂಬರ್ 10ರ ಹೊತ್ತಿಗೆ 209 ಜನ ಸೇರಿದ್ದರು. ಹರಟೆಗೆ ಬೇರೆಯೇ ಒಂದು ಗ್ರೂಪ್ ಇಟ್ಟೆವು, ಬೇಕಾದವರಿಗೆ. ಅಲ್ಲಿ ಶುಭೋದಯದ ಹೂವು ಎಷ್ಟು ಬೇಕಾದರೂ ಅರಳಲಿ.

ಟೆಲಿಗ್ರಾಂ ಬಗ್ಗೆ ಅನ್ಯಾಯ ಮಾಡಬಾರದು. ನನ್ನನ್ನು ಕೇಳಿದರೆ ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತಿದ್ದದ್ದು ಅದೇ. ಅದರ ಚಾನೆಲ್‌ಗೆ ಎಷ್ಟು ತಡವಾಗಿ ಸೇರಿದರೂ ಹಳೆಯ ಮೆಸೇಜ್ ಎಲ್ಲ ಕಾಣುತ್ತದೆ, ಎಷ್ಟು ಜನ ನೋಡಿದರು ಅನ್ನುವ ಎಣಿಕೆಯೂ ಪಕ್ಕದಲ್ಲೇ ಇರುತ್ತದೆ. ಆದರೆ ನೋಡುವವರು ಆರು ಜನ. ಒಂದು ರಾತ್ರಿಯ ಕಾರ್ಯಕ್ರಮಕ್ಕಾಗಿ ಇನ್ನೂರು ಜನರ ಕೈಯಲ್ಲಿ ಹೊಸ ಆ್ಯಪ್ ಹಾಕಿಸುವುದು ಸಲ್ಲದು. ಖಜಾಂಚಿಯವರ ಇವೆಂಟ್ ಆ್ಯಪ್ ಬಿದ್ದುಹೋದದ್ದೂ ಇದೇ ಕಾರಣಕ್ಕೆ. ಮೂರು ದಿನ, ಐದು ಸಭಾಂಗಣ, ನಲವತ್ತು ಗೋಷ್ಠಿ ಇದ್ದರೆ ಅದು ಬೇಕು. ನಮ್ಮದು ಒಂದೇ ಬಯಲು, ಒಂದೇ ಆಕಾಶ. ಇಳಿಸಿಕೊಳ್ಳಿ, ಖಾತೆ ತೆರೆಯಿರಿ, ಓಟಿಪಿ ಹಾಕಿ, ಅನುಮತಿ ಕೊಡಿ ಅನ್ನುವಷ್ಟರಲ್ಲಿ ನಾಲ್ಕು ಉಲ್ಕೆ ಬಿದ್ದಿರುತ್ತವೆ.

ಆದರೆ ಆ ಖಜಾಂಚಿಯವರೇ ಒಂದು ಒಳ್ಳೆಯ ಮಾತು ನೆನಪಿಸಿದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ನಿಂತುಹೋಗಿದ್ದವು. "ನಮ್ಮ ಸಂಜೆಯೇ ಹಾಗಾದರೆ?" ಅಂದರು. ಅಪರೂಪ ಇರಬಹುದು. ಆದರೂ ಕಾರ್ಯಕ್ರಮ ಇದೆಯೋ ಇಲ್ಲವೋ ಅನ್ನುವ ಒಂದೇ ಒಂದು ಮೆಸೇಜ್‌ಗಾದರೂ ಇನ್ನೊಂದು ದಾರಿ ಬೇಕು, ಅದೂ ಬೇರೆ ಕಂಪನಿಯ, ಬೇರೆ ಜಾಲದ ದಾರಿ.

ಅಷ್ಟರಲ್ಲಿ ಬಯಲಿಗೆ ಹೋಗಿ ಬಂದಿದ್ದೆವು. ಒಂದು ಸಂಜೆ ಮೂವರು, ನಾಲ್ಕು ಫೋನ್ ಹಿಡಿದುಕೊಂಡು. ಕತ್ತಲೆ ಚೆನ್ನಾಗಿರುವ ಜಾಗದಲ್ಲಿ ಸಿಗ್ನಲ್ ಚೆನ್ನಾಗಿರುವುದಿಲ್ಲ, ಇದು ಆಕಾಶ ನೋಡುವವರೆಲ್ಲರ ಹಣೆಬರಹ. ಒಂದು ಸಾಮಾನ್ಯ ಪುಟ ತೆರೆಯಲು ಒಂದು ನಿಮಿಷ ದಾಟಿತು. ವಾಟ್ಸಾಪ್‌ನಲ್ಲಿ ಮೆಸೇಜ್ ಪಕ್ಕ ಗಡಿಯಾರದ ಗುರುತು ಕೂತೇ ಇತ್ತು. ಎಸ್‌ಎಂಎಸ್ ಮಾತ್ರ ಟಣ್ ಅಂತ ಬಂತು. ಅದಕ್ಕೆ ಇಂಟರ್‌ನೆಟ್ ಬೇಡ. ಫೋನ್ ಸಿಗದಿದ್ದರೆ ಸಂದೇಶ ಕೇಂದ್ರದಲ್ಲಿ ಕಾದಿದ್ದು, ಸಿಕ್ಕ ಕೂಡಲೇ ತಲುಪುತ್ತದೆ. ನಾವು ಮೂವರಿದ್ದಾಗಲೇ ಡೇಟಾ ಹೀಗೆ. ಇನ್ನೂರು ಜನ ಅದೇ ಟವರ್ ಮೇಲೆ ಬಿದ್ದರೆ?

ಹಾಗಾಗಿ ಎಸ್‌ಎಂಎಸ್. ಬಲ್ಕ್ ಸೇವೆ, ಅಂದರೆ ಒಂದೇ ಸಂದೇಶವನ್ನು ನೂರಾರು ಜನರಿಗೆ ಒಟ್ಟಿಗೆ ಕಳುಹಿಸುವ ಸೇವೆ, ಕೊಡುವ ಒಂದು ಕಂಪನಿಯ ಮೂಲಕ ಕಳುಹಿಸುವ ಏರ್ಪಾಡು ಮಾಡಿದೆವು. ಇದಕ್ಕೆ ದಾಖಲೆ, ನೋಂದಣಿ ಅಂತ ದಿನಗಳು ಹಿಡಿಯುತ್ತವೆ, ಹಿಂದಿನ ದಿನ ನೆನಪಾದರೆ ಆಗುವ ಕೆಲಸವಲ್ಲ. ಸಂದೇಶವೊಂದಕ್ಕೆ ಇಷ್ಟು ಅಂತ ಲೆಕ್ಕ. ನಾನು ಚೆಂದವಾಗಿ ಕನ್ನಡದಲ್ಲಿ ಎರಡು ಮೂರು ಸಾಲು ಬರೆದೆ. ನೋಡಿದರೆ ಒಬ್ಬೊಬ್ಬರಿಗೂ ಮೂರು ಸಂದೇಶದ ಲೆಕ್ಕ ತೋರಿಸಿತು.

ಯಾಕೆ ಅಂತ ಹುಡುಕಿದಾಗ ತಿಳಿದದ್ದು ಸ್ವಾರಸ್ಯವಾಗಿದೆ. ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಅನ್ನುತ್ತಾರಲ್ಲ, ಅದು ಇಂಗ್ಲಿಷಿಗೆ. ಕನ್ನಡದಂಥ ಲಿಪಿ ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಹೋಗುವುದರಿಂದ ಜಾಗ 70ಕ್ಕೆ ಇಳಿಯುತ್ತದೆ. ಅದಕ್ಕಿಂತ ಉದ್ದವಾದರೆ ತುಂಡು ತುಂಡಾಗಿ ಹೋಗುತ್ತದೆ, ತುಂಡುಗಳನ್ನು ಜೋಡಿಸುವ ಗುರುತಿಗೂ ಜಾಗ ಬೇಕಾಗಿ ತಲಾ 67 ಮಾತ್ರ ಉಳಿಯುತ್ತದೆ. ಅದೂ ನಾವು ಎಣಿಸುವ ಅಕ್ಷರವಲ್ಲ. ಒತ್ತು ಬೇರೆ, ಗುಣಿತದ ಗುರುತು ಬೇರೆ. 'ಕಾರ್ಯಕ್ರಮ' ಅಂತ ಬರೆದರೆ ಕಣ್ಣಿಗೆ ನಾಲ್ಕೇ ಅಕ್ಷರ. ಲೆಕ್ಕಕ್ಕೆ ಒಂಬತ್ತು.

ಆ ರಾತ್ರಿ ಮೇಷ್ಟ್ರು ಮತ್ತು ನಾನು ಫೋನ್‌ನಲ್ಲಿ ಒಂದು ಗಂಟೆ ಕೂತು ಒಂದೊಂದು ಪದ ಕಿತ್ತೆವು. 'ದಯವಿಟ್ಟು' ಹೋಯಿತು. 'ಆತ್ಮೀಯರೇ' ಹೋಯಿತು. ತಂಡದ ಹೆಸರು ಮೇಲೆ ಕಳುಹಿಸುವವರ ಜಾಗದಲ್ಲೇ ಬರುತ್ತದೆ, ಅದೂ ಹೋಯಿತು. "ಮರ್ಯಾದೆ ಕಡಿಮೆ ಆಯ್ತೇನೋ ಸಾರ್" ಅಂದೆ. "ಕತ್ತಲಲ್ಲಿ ನಿಲ್ಲಿಸೋದು ಮರ್ಯಾದೆನಾ?" ಅಂದರು. ಕೊನೆಗೆ ಉಳಿದದ್ದು ಇಷ್ಟು:

"ಇಂದು ಕಾರ್ಯಕ್ರಮ ಇದೆ. ರಾತ್ರಿ 9ಕ್ಕೆ ಗೇಟ್ ಬಳಿ ಬನ್ನಿ. ಟಾರ್ಚ್ ಬೇಡ."

ಎಣಿಸಿ ನೋಡಿ, 60. ರದ್ದಾದರೆ ಕಳುಹಿಸಲು ಇನ್ನೊಂದನ್ನೂ ಆಗಲೇ ಬರೆದು ಇಟ್ಟೆವು. ಆತಂಕದಲ್ಲಿ ಇರುವಾಗ ಯಾರೂ ಒಳ್ಳೆಯ ವಾಕ್ಯ ಬರೆಯುವುದಿಲ್ಲ.

ಇಷ್ಟಾದರೂ ಆ ಐದು ಪ್ರಶ್ನೆಗಳು ಹಾಗೇ ಇದ್ದವಲ್ಲ. ಅದಕ್ಕೆ ಒಂದು ಪುಟ ಮಾಡಿದೆವು. ಚಿತ್ರ ಇಲ್ಲ, ಅಲಂಕಾರ ಇಲ್ಲ, ಬರೀ ಐದು ಪ್ರಶ್ನೆ, ಐದು ಉತ್ತರ. ಮೇಲೆ 'ಕೊನೆಯ ಬಾರಿ ಬದಲಾದದ್ದು' ಅಂತ ದಿನ, ಹೊತ್ತು. ಇಮೇಲ್, ವಾಟ್ಸಾಪ್ ಎಲ್ಲ ಕಡೆಯೂ ಇದೇ ಪುಟದ ವಿಳಾಸ. ಏನಾದರೂ ಬದಲಾದರೆ ಮೊದಲು ಪುಟ ಬದಲಾಗಬೇಕು, ಆಮೇಲೆ ಉಳಿದ ಕಡೆ. ಬೇರೆ ಬೇರೆ ಕಡೆ ಬೇರೆ ಬೇರೆ ಮಾತು ಹೋಗಬಾರದು ಅಂತ ನಾವೇ ಹಾಕಿಕೊಂಡ ಕಟ್ಟು. ಪ್ರವೇಶ ಪತ್ರದ ಮೇಲೆ ಕ್ಯೂಆರ್ ಕೋಡ್ ಅಚ್ಚು ಹಾಕಿಸಿದಾಗಲೂ ಅದರಲ್ಲಿ ವಿವರ ತುಂಬಲಿಲ್ಲ, ಪುಟದ ವಿಳಾಸ ಮಾತ್ರ ಇಟ್ಟೆವು. ಅಚ್ಚಾದ ಕೋಡ್ ಬದಲಿಸಲು ಆಗುವುದಿಲ್ಲ, ಪುಟ ಬದಲಿಸಬಹುದು.

ಒಂದು ಎಡವಟ್ಟು ಪುಟದಲ್ಲೂ ಆಯಿತು. "13ರ ರಾತ್ರಿ 12.30ರ ನಂತರ ಉಲ್ಕೆಗಳು ಜಾಸ್ತಿ" ಅಂತ ಬರೆದಿದ್ದೆ. ನನಗೆ ಸ್ಪಷ್ಟವಾಗಿತ್ತು. ಓದಿದವರೊಬ್ಬರು ಕರೆ ಮಾಡಿ, "ಮೇಡಂ, ಅಂದ್ರೆ 12ನೇ ತಾರೀಕು ಮಲಗದೆ ಬರಬೇಕಾ, 13 ಮಲಗದೆ ಇರಬೇಕಾ?" ಅಂದರು. ಸರಿಯಾದ ಪ್ರಶ್ನೆ. ನಡುರಾತ್ರಿ ದಾಟಿದ ಕಾರ್ಯಕ್ರಮಕ್ಕೆ ತಾರೀಕು ಯಾವಾಗಲೂ ಜಾರುತ್ತದೆ. "ಬುಧವಾರ ರಾತ್ರಿ 9ಕ್ಕೆ ಬನ್ನಿ, ಗುರುವಾರ ಬೆಳಗಿನ ಜಾವ 4ಕ್ಕೆ ಹೊರಡಿ" ಅಂತ ತಿದ್ದಿದೆ. ಇಮೇಲ್ ಜೊತೆಗೆ ಒಂದು ಕ್ಯಾಲೆಂಡರ್ ಫೈಲ್ ಕೂಡ ಕಳುಹಿಸಿದೆ. ಒತ್ತಿದರೆ ಫೋನ್‌ನ ಕ್ಯಾಲೆಂಡರ್‌ನಲ್ಲಿ ಸರಿಯಾದ ಜಾಗದಲ್ಲಿ ಹೋಗಿ ಕೂರುತ್ತದೆ. ಆಮೇಲೆ ಆ ಪ್ರಶ್ನೆ ಬರಲಿಲ್ಲ.

ಎಲ್ಲಕ್ಕಿಂತ ಕೆಲಸ ಮಾಡಿದ್ದು ಯಾವ ಆ್ಯಪ್ಪೂ ಅಲ್ಲ, ಒಂದು ಸಾಲು. "ಕಾರ್ಯಕ್ರಮ ಇದೆಯೋ ಇಲ್ಲವೋ ಅಂತ ಬುಧವಾರ ಸಂಜೆ ಐದಕ್ಕೆ ಹೇಳುತ್ತೇವೆ. ಅದಕ್ಕೆ ಮೊದಲು ಯಾರೇ ಏನೇ ಹೇಳಿದರೂ ನಂಬಬೇಡಿ." ಇದನ್ನು ಎಲ್ಲ ಕಡೆ ಹಾಕಿದೆವು. ಆಗಸ್ಟ್‌ನಲ್ಲಿ ಮಧ್ಯಾಹ್ನದಿಂದಲೇ ನನ್ನ ಫೋನ್ ಬಿಸಿಯಾಗಿತ್ತು. ಮೋಡ ಕಂಡವರೆಲ್ಲ ಕರೆ ಮಾಡಿದ್ದರು.

ಆ ಬುಧವಾರ ಮಧ್ಯಾಹ್ನ ಮೂರಕ್ಕೆ ಮೋಡ ಕವಿಯಿತು. ಮೂರೂವರೆಗೆ ನಮ್ಮ ತಂಡದವರೊಬ್ಬರೇ ತಮ್ಮ ನಾಲ್ವರು ಗೆಳೆಯರಿಗೆ "ಬಹುಶಃ ಕ್ಯಾನ್ಸಲ್" ಅಂತ ಮೆಸೇಜ್ ಮಾಡಿಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ. ಅವರು ದೂರದಿಂದ ಬರುವವರು, ಸುಮ್ನೆ ಓಡಾಡಬಾರದು ಅಂತ. ನಾಲ್ಕು ಗಂಟೆಯ ಹೊತ್ತಿಗೆ 'ಬಹುಶಃ' ಉದುರಿಹೋಗಿ 'ಕ್ಯಾನ್ಸಲ್' ಮಾತ್ರ ಹರಟೆ ಗ್ರೂಪ್‌ನಲ್ಲಿ ಫಾರ್ವರ್ಡ್ ಆಗಿ ಬಂತು. ಸಿಟ್ಟು ಬಂತು, ಆದರೆ ಬೈಯಲು ಪುರುಸೊತ್ತಿರಲಿಲ್ಲ. ಪುಟದ ಮೇಲೆ "ಇನ್ನೂ ನಿರ್ಧಾರ ಆಗಿಲ್ಲ. ಐದಕ್ಕೆ ಹೇಳುತ್ತೇವೆ. ಸಂಜೆ 4.10" ಅಂತ ಬರೆದು, ಅದನ್ನೇ ಪ್ರಕಟಣೆಯಲ್ಲೂ ಹಾಕಿದೆ. ಅಷ್ಟೇ. ಫೋನ್ ಹೊತ್ತುಕೊಂಡಿದ್ದ ಹುಡುಗನಿಗೆ ಆ ಒಂದು ಗಂಟೆಯಲ್ಲಿ ಬಂದ ಕರೆ ಹದಿನೇಳು. ಆಗಸ್ಟ್‌ನ ಲೆಕ್ಕದಲ್ಲಿ ಇದು ಏನೂ ಅಲ್ಲ.

ನಾಲ್ಕೂ ಮುಕ್ಕಾಲಿಗೆ ಪಶ್ಚಿಮದಲ್ಲಿ ಆಕಾಶ ತೆರೆದುಕೊಳ್ಳತೊಡಗಿತು. ಉಪಗ್ರಹ ಚಿತ್ರದಲ್ಲೂ ಮೋಡದ ಬಾಲ ದಾಟುತ್ತಿರುವುದು ಕಂಡಿತು. ಸರಿಯಾಗಿ ಐದಕ್ಕೆ ಪುಟ, ಪ್ರಕಟಣೆ, ಎಸ್‌ಎಂಎಸ್, ಅದೇ ಸಾಲು ಎಲ್ಲ ಕಡೆ ಹೋಯಿತು. ಆ 19 ಜನರಿಗೆ ಎಸ್‌ಎಂಎಸ್ ಮೇಲೆ ಒಂದೊಂದು ಕರೆಯನ್ನೂ ಮೇಷ್ಟ್ರೇ ಮಾಡಿದರು. ಇಪ್ಪತ್ತು ನಿಮಿಷದ ಕೆಲಸ.

ರಾತ್ರಿಗೆ ಹುಡುಗ ಇನ್ನೊಂದು ಯೋಜನೆ ಹಾಕಿದ್ದ. ಅರ್ಧ ಗಂಟೆಗೊಮ್ಮೆ ಲೈವ್ ಅಪ್‌ಡೇಟ್ ಹಾಕುವುದು, ಈಗ ಯಾವ ದಿಕ್ಕು ನೋಡಬೇಕು ಅಂತ. ಮೊದಲನೆಯದನ್ನು ಹಾಕಿದ. ಬಯಲಲ್ಲಿ ಒಮ್ಮೆಲೇ ನೂರಾರು ಮುಖ ನೀಲಿಯಾಗಿ ಹೊತ್ತಿಕೊಂಡವು. ಒಂದು ಕ್ಷಣ ಚೆನ್ನಾಗಿಯೂ ಕಂಡಿತು, ಸುಳ್ಳು ಯಾಕೆ ಹೇಳಲಿ. ಆದರೆ ಕತ್ತಲಿಗೆ ಕಣ್ಣು ಚೆನ್ನಾಗಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಸ್ಕ್ರೀನ್ ನೋಡಿದರೆ ಅದು ಅಲ್ಲಿಗೆ ಮುಗಿಯಿತು, ಮತ್ತೆ ಮೊದಲಿನಿಂದ. ಟಾರ್ಚ್ ಬೇಡ ಅಂತ ಎಣಿಸಿ ಎಣಿಸಿ ಎಸ್‌ಎಂಎಸ್ ಕಳುಹಿಸಿದವರು ನಾವೇ, ನೂರಾರು ಟಾರ್ಚ್ ಹೊತ್ತಿಸಿದವರೂ ನಾವೇ. ಆಮೇಲೆ ಬೆಳಗಿನ ಜಾವದವರೆಗೆ ಒಂದು ಮೆಸೇಜ್ ಕೂಡ ಹಾಕಲಿಲ್ಲ. ಕೆಂಪು ಕಾಗದ ಸುತ್ತಿದ ದೀಪದ ಕೆಳಗೆ ಒಂದು ಬೋರ್ಡ್ ಇಟ್ಟು ಸೀಮೆಸುಣ್ಣದಲ್ಲಿ ಬರೆದೆವು. ಕೆಂಪು ಬೆಳಕು ಕಣ್ಣನ್ನು ಅಷ್ಟು ಕೆಡಿಸುವುದಿಲ್ಲ. ಉಳಿದದ್ದು ಬಾಯಿಮಾತು. ಒಂದು ಕಡೆ "ಓಹೋ" ಅಂದರೆ ಇಡೀ ಬಯಲು ಆ ಕಡೆ ತಿರುಗುತ್ತಿತ್ತು.

ಫೋಟೋ ಹಂಚುವುದರಲ್ಲಿ ಒಂದು ಸಣ್ಣ ಪಾಠ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದರೆ ಚಿತ್ರ ಕುಗ್ಗುತ್ತದೆ. ಮುಖಗಳಿಗೆ ತೊಂದರೆ ಇಲ್ಲ, ತೆಳುವಾದ ಉಲ್ಕೆಯ ಗೆರೆ ಮಾತ್ರ ಅಳಿಸಿಹೋಗುತ್ತದೆ. ಹಾಗಾಗಿ ಒಂದು ಹಂಚಿಕೆಯ ಫೋಲ್ಡರ್ ಮಾಡಿ ಲಿಂಕ್ ಕೊಟ್ಟೆವು. ಅಭಿಪ್ರಾಯ ಕೇಳುವ ನಾಲ್ಕು ಪ್ರಶ್ನೆಯ ಫಾರ್ಮ್ ಗುರುವಾರ ಸಂಜೆ ಹೋಯಿತು. ರಾತ್ರಿಯಿಡೀ ಎಚ್ಚರ ಇದ್ದವರಿಗೆ ಬೆಳಿಗ್ಗೆ ಕಳುಹಿಸಿದರೆ ಬೈಸಿಕೊಳ್ಳಬೇಕಾಗುತ್ತದೆ.

ನೋಂದಣಿ ಫಾರ್ಮ್‌ನಲ್ಲೇ ಎರಡು ಮಾತು ಬರೆದಿದ್ದೆವು. ಕಾರ್ಯಕ್ರಮ ಮುಗಿದು ಒಂದು ತಿಂಗಳಲ್ಲಿ ನಿಮ್ಮ ನಂಬರ್, ವಿಳಾಸ ಅಳಿಸುತ್ತೇವೆ. ಮುಂದಿನ ಸಲವೂ ತಿಳಿಸಬೇಕು ಅನ್ನುವವರು ಪಕ್ಕದ ಚೌಕದಲ್ಲಿ ಗುರುತು ಹಾಕಿ. ಗುರುತು ಮೊದಲೇ ಹಾಕಿ ಇಟ್ಟಿರಲಿಲ್ಲ. 151 ಜನ ತಾವಾಗಿ ಹಾಕಿದ್ದರು. ಜನವರಿಯಲ್ಲಿ ಅಳಿಸಲು ಕೂತಾಗ ಹುಡುಗ ಕೇಳಿದ, "ಅಕ್ಕಾ, ಉಳಿದ 87 ಜನರದ್ದು ಯಾಕೆ ತೆಗೀಬೇಕು, ಸುಮ್ನೆ ಇರಲಿ ಬಿಡಿ. ಆಗಸ್ಟ್‌ಗೆ ಬೇಕಾಗುತ್ತೆ." ನಂಬರ್ ಕೊಟ್ಟಿದ್ದು ನಿಮಗೆ ಅಂದವರ ದನಿ ಕಿವಿಯಲ್ಲಿ ಇನ್ನೂ ಇತ್ತು. ತೆಗೆದೆವು. ಪಟ್ಟಿ, ಫಾರ್ಮ್‌ನ ಹಾಳೆ, ಎಸ್‌ಎಂಎಸ್ ಕಂಪನಿಯಲ್ಲಿದ್ದ ಪ್ರತಿ, ಎಲ್ಲ.

ನನ್ನ ಫೋನ್‌ನಲ್ಲಿ ಆ ಭಾನುವಾರ ಸೇವ್ ಮಾಡಿದ್ದ ಉಲ್ಕೆಗಳು ಕೊನೆಗೆ ಉಳಿದವು. ಒಂದೊಂದಾಗಿ ಅಳಿಸಲು ಇನ್ನೊಂದು ಸಂಜೆ ಬೇಕಾಯಿತು. ಒಂದು ಮಾತ್ರ ತಪ್ಪಿಸಿಕೊಂಡಿದೆ. ಮೊನ್ನೆ ಫೋನ್ ಬಡಿದುಕೊಂಡಾಗ ಮೇಲೆ 'ಉಲ್ಕೆ 140' ಅಂತ ಬಂತು. ಯಾರಪ್ಪಾ ಇದು ಅಂತ ಎತ್ತಿದರೆ ಮೇಷ್ಟ್ರು. "ಮುಂದಿನದಕ್ಕೆ ಒಂದು ಎಸ್‌ಎಂಎಸ್ ಬರೆದಿದ್ದೀನಿ, ಎಣಿಸಿ ನೋಡಮ್ಮ" ಅಂದರು. 74 ಇತ್ತು. ಒಂದು ಪದ ಕೀಳಬೇಕು.